ಅದುರುವಾಯು: ಬೆಂಗಳೂರು ಸೀಮೆಯಲ್ಲಿ ಪಾರ್ಕಿನ್ಸನ್ ಸಂಶೋಧನೆ ಮತ್ತು ಚಿಕಿತ್ಸೆ

ಮೆದುಳಿನ ಕಾಂಡದ ಮೇಲ್ಭಾಗದಲ್ಲಿ ಕಪ್ಪು ಬಣ್ಣದ ನರಕೋಶಗಳ ಒಂದು ತೆಳುಪಟ್ಟಿ ಇದೆ. ಈ ಕೋಶಗಳು ವರ್ಷಾನುಗಟ್ಟಲೆ ಒಂದೊಂದಾಗಿ ಸಾಯುತ್ತ ಬಂದು ಮೈಯ ಚಲನೆ ನಿಧಾನವಾಗುವ, ಕೀಲುಗಳು ಬಿಗಿಯುವ, ಹಲವರಲ್ಲಿ ಕೈ ನಡುಗುವ ಕಾಯಿಲೆಯೇ ಪಾರ್ಕಿನ್ಸನ್. ಕನ್ನಡದ ವೈದ್ಯ ಬರಹಗಳಲ್ಲಿ ಇದಕ್ಕೆ ಅದುರುವಾಯು ಎಂಬ ಹೆಸರಿದೆ. ಆಯುರ್ವೇದದವರು ಕಂಪವಾತ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 85 ಲಕ್ಷ ಜನರಿಗೆ ಈ ಕಾಯಿಲೆ ಇತ್ತು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂಥ ಕಡೆ ಈ ಮೂರು ಹೆಸರುಗಳಲ್ಲಿ ಒಂದೂ ಅಷ್ಟಾಗಿ ಬಳಕೆಯಲ್ಲಿಲ್ಲ. ‘ಕೈ ಅದುರ್ತೈತೆ’ ಎಂದೋ ‘ವಯಸ್ಸಾಯ್ತು, ಇನ್ನೇನು’ ಎಂದೋ ಮಾತು ಮುಗಿಯುತ್ತದೆ. ಕಾಲು ಎಳೆಯತೊಡಗಿದರೆ ಎಲ್ಲಕ್ಕೂ ಸಲ್ಲುವ ‘ಲಕ್ವ’ ಎಂಬ ಪದವಿದೆ. ಆದರೆ ಲಕ್ವ ಹೊಡೆಯುವುದು ಒಂದೇ ಏಟಿಗೆ. ಅದುರುವಾಯು ಹೊಡೆಯುವುದಿಲ್ಲ, ಬಂದು ಕೂರುತ್ತದೆ. ಯಾವ ತಿಂಗಳು ಶುರುವಾಯಿತೆಂದು ಕೇಳಿದರೆ ಮನೆಯವರಿಗೂ ಹೇಳಲಾಗುವುದಿಲ್ಲ.

ಶುರುವಾಗುವುದು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ. ನಡೆಯುವಾಗ ಒಂದು ಕೈ ಬೀಸುವುದು ನಿಲ್ಲುತ್ತದೆ. ಹಸು ಕರೆಯುವವರಿಗೆ ಆ ಕೈಯ ಬೆರಳು ಬೇಗ ಸೋಲುತ್ತದೆ, ಡೇರಿಗೆ ಹಾಲು ಹೊತ್ತು ಮೀರಿ ಹೋಗುತ್ತದೆ. ದೊಡ್ಡಬಳ್ಳಾಪುರದ ಮಗ್ಗದವರಿಗೆ ಹರಿದ ಎಳೆ ಹುಡುಕಿ ಗಂಟು ಹಾಕುವ ಕೆಲಸ ಮೊದಲು ಕೈಕೊಡುತ್ತದೆ. ಮುದ್ದೆ ಮುರಿದು, ಉಂಡೆ ಮಾಡಿ, ಸಾರಿಗದ್ದಿ ನುಂಗುವುದು ಮೂರು ಕ್ಷಣದ ಕೆಲಸ. ಅದೇ ಮೂರು ಬೇರೆ ಬೇರೆ ಕೆಲಸಗಳಾಗಿ, ನಡುನಡುವೆ ನಿಂತು ನಿಂತು ಸಾಗುತ್ತದೆ. ಬ್ಯಾಂಕಿನಲ್ಲಿ ಹಾಕುವ ರುಜು ಮೊದಲಕ್ಷರದಿಂದ ಕೊನೆಯಕ್ಷರಕ್ಕೆ ಬರುವಷ್ಟರಲ್ಲಿ ಇರುವೆ ಸಾಲಿನಷ್ಟು ಚಿಕ್ಕದಾಗುತ್ತದೆ, ಗುಮಾಸ್ತರು ‘ರುಜು ಹೊಂದುತ್ತಿಲ್ಲ’ ಎಂದು ಚೀಟಿ ವಾಪಸು ಮಾಡುತ್ತಾರೆ. ಮುಖದಲ್ಲಿ ನಗು, ಸಿಟ್ಟು ಕಾಣದೆ ಹೋಗುವುದರಿಂದ ಸೊಸೆಯಂದಿರು ‘ಮಾವನವರಿಗೆ ನಮ್ಮ ಮೇಲೆ ಬೇಜಾರು’ ಎಂದುಕೊಳ್ಳುವುದೂ ಉಂಟು. ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು ಇವೆಲ್ಲ ನಡುಕಕ್ಕಿಂತ ವರ್ಷಗಳ ಹಿಂದೆಯೇ ಬಂದಿರಬಹುದು. ಇವನ್ನೆಲ್ಲ ಒಂದೇ ಕಾಯಿಲೆಯ ದಾರಕ್ಕೆ ಪೋಣಿಸಿ ನೋಡುವವರು ಕಡಿಮೆ.

ನಡುಗುವ ಕೈಗಳೆಲ್ಲ ಅದುರುವಾಯುವಲ್ಲ. ಕಾಫಿ ಲೋಟ ಎತ್ತುವಾಗ, ಬರೆಯುವಾಗ ಎರಡೂ ಕೈ ನಡುಗಿ, ಸುಮ್ಮನೆ ತೊಡೆಯ ಮೇಲಿಟ್ಟರೆ ನಿಲ್ಲುವ ನಡುಕ ಬೇರೆಯದು. ಅದು ಮನೆತನದಲ್ಲಿ ಹರಿದು ಬರುವುದೂ ಉಂಟು, ಪಾರ್ಕಿನ್ಸನ್‌ಗಿಂತ ಹೆಚ್ಚು ಸಾಮಾನ್ಯ ಕೂಡ. ಪಾರ್ಕಿನ್ಸನ್ ನಡುಕ ಕೈ ಸುಮ್ಮನಿದ್ದಾಗಲೇ ಹೆಚ್ಚು. ಹೆಬ್ಬೆರಳು ತೋರುಬೆರಳಿನ ಮೇಲೆ ಮಾತ್ರೆ ಉರುಳಿಸುವಂತೆ ಆಡುತ್ತದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಬರೆದ ಪುಟ್ಟ ಪುಸ್ತಕದಲ್ಲಿ ವಿವರಿಸಿದ್ದು ಕೇವಲ ಆರು ಜನರನ್ನು, ಅವರಲ್ಲೂ ಕೆಲವರನ್ನು ಆತ ಕಂಡದ್ದು ಬೀದಿಯಲ್ಲಿ. ರೋಗಿಯನ್ನು ಮುಟ್ಟದೆಯೇ, ನಡಿಗೆ ನೋಡಿಯೇ ಇಷ್ಟು ಹೇಳಬಹುದೆಂಬುದು ಇಂದಿಗೂ ನಿಜ. ದೃಢಪಡಿಸುವ ಸಾಮಾನ್ಯ ರಕ್ತಪರೀಕ್ಷೆ ಇನ್ನೂ ಆಸ್ಪತ್ರೆಗಳಿಗೆ ಬಂದಿಲ್ಲವಾದ್ದರಿಂದ ಅನುಭವಿ ವೈದ್ಯರ ಕಣ್ಣೇ ಮುಖ್ಯ ಉಪಕರಣ.

ಇನ್ನೊಂದು ಗೊಂದಲ ಔಷಧಿ ಅಂಗಡಿಯಿಂದಲೇ ಬರುತ್ತದೆ. ತಲೆಸುತ್ತಿಗೆಂದು ಕೊಡುವ ಸಿನ್ನರಿಜಿನ್ ಮತ್ತು ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಇವು ಮೆದುಳಿನ ಡೊಪಮಿನ್ ಎಂಬ ರಸಾಯನದ ಕೆಲಸಕ್ಕೆ ಅಡ್ಡ ಬರುತ್ತವೆ. ವಾರಕ್ಕೆಂದು ಬರೆದುಕೊಟ್ಟ ತಲೆಸುತ್ತಿನ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತಂದು ನುಂಗುವ ಅಜ್ಜಿಯರಿಗೆ ಥೇಟು ಪಾರ್ಕಿನ್ಸನ್‌ನಂಥದೇ ಬಿಗಿತ, ನಡುಕ ಬರುತ್ತದೆ. ಮಾತ್ರೆ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಬಹುಮಂದಿಗೆ ಇಳಿಯುತ್ತದೆ. ದೊಡ್ಡ ಆಸ್ಪತ್ರೆಗೆ ಹೊರಡುವ ಮೊದಲು ಮನೆಯಲ್ಲಿರುವ ಮಾತ್ರೆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗಬೇಕೆಂದು ಹೇಳುವುದು ಇದಕ್ಕೇ.

ಕಪ್ಪು ಪಟ್ಟಿ

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಸಾರ್ವಜನಿಕರಿಗೆ ತೆರೆದಿರುವ ಮೆದುಳಿನ ಸಂಗ್ರಹಾಲಯವಿದೆ. ಮೆದುಳಿನ ಕಾಂಡವನ್ನು ಅಡ್ಡಕ್ಕೆ ಸೀಳಿದರೆ ಎರಡೂ ಬದಿಯಲ್ಲಿ ಕಾಡಿಗೆ ಎಳೆದಂತೆ ಒಂದೊಂದು ಗೆರೆ ಕಾಣುತ್ತದೆ. ಸಬ್‌ಸ್ಟಾನ್ಶಿಯಾ ನೈಗ್ರ ಎಂಬ ಲ್ಯಾಟಿನ್ ಹೆಸರಿನ ಅರ್ಥವೂ ಕಪ್ಪು ವಸ್ತು ಎಂದೇ. ಅದುರುವಾಯುವಿನಿಂದ ತೀರಿಕೊಂಡವರ ಮೆದುಳಿನಲ್ಲಿ ಈ ಗೆರೆ ಒರೆಸಿದ ಹಾಗೆ ಮಸುಕಾಗಿರುತ್ತದೆ. ಈ ಕೋಶಗಳು ತಯಾರಿಸುವ ಡೊಪಮಿನ್ ಮೆದುಳಿನ ಒಳಗಂಟುಗಳಿಗೆ ಹೋಗಿ ಚಲನೆಯನ್ನು ಸರಾಗಗೊಳಿಸುತ್ತದೆ. ಸುಮಾರು ಅರ್ಧದಷ್ಟು ಕೋಶಗಳು ಹೋದ ಮೇಲಷ್ಟೇ ಲಕ್ಷಣಗಳು ಹೊರಗೆ ಕಾಣುತ್ತವೆ. ಉಳಿದ ಕೋಶಗಳ ಒಳಗೆ ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನು ಗಂಟುಕಟ್ಟಿರುತ್ತದೆ. ಆ ಗಂಟುಗಳನ್ನು ಫ್ರೆಡ್ರಿಕ್ ಲೆವಿ ಗುರುತಿಸಿದ್ದು 1912ರಲ್ಲಿ. ಅವು ಯಾವುದರಿಂದ ಆದವೆಂದು ತಿಳಿದದ್ದು 1997ರಲ್ಲಿ.

ಬೆಂಗಳೂರಿನ ಅತ್ಯಂತ ಕುತೂಹಲದ ಕೊಡುಗೆ ಇರುವುದು ಈ ಕಪ್ಪು ಗೆರೆಯ ಲೆಕ್ಕದಲ್ಲಿ. ನಿಮ್ಹಾನ್ಸ್‌ನಲ್ಲಿ ನರರೋಗಶಾಸ್ತ್ರಜ್ಞ ಎಸ್. ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಮೆದುಳಿನ ಬ್ಯಾಂಕು ಆರಂಭವಾಯಿತು. ಉದಯ್ ಮುಥಾಣೆ, ಟಿ. ಸಿ. ಯಶ ಮತ್ತು ಶಂಕರ್ ಸೇರಿ ನರರೋಗವಿಲ್ಲದ ಭಾರತೀಯರ ಮೆದುಳುಗಳಲ್ಲಿ ಈ ಕರಿಕೋಶಗಳನ್ನು ಎಣಿಸಿ 1998ರಲ್ಲಿ ಪ್ರಕಟಿಸಿದ ಫಲಿತಾಂಶ ಎರಡು ಕಡೆ ಅಚ್ಚರಿ ಹುಟ್ಟಿಸಿತು. ಬ್ರಿಟನ್ನಿನ ಮೆದುಳುಗಳಿಗೆ ಹೋಲಿಸಿದರೆ ನಮ್ಮವರಲ್ಲಿ ಈ ಕೋಶಗಳು ಸುಮಾರು ಶೇ 40ರಷ್ಟು ಕಡಿಮೆ. ಆದರೆ ವಯಸ್ಸಾದಂತೆ ಅವು ಗಮನಾರ್ಹವಾಗಿ ಕಡಿಮೆಯಾಗುತ್ತಲೂ ಇಲ್ಲ. ಪಾಶ್ಚಾತ್ಯ ಮೆದುಳುಗಳಲ್ಲಿ ಪ್ರತಿ ದಶಕಕ್ಕೂ ಒಂದಿಷ್ಟು ಕೋಶ ಸಾಯುತ್ತವೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಬಂಡವಾಳ ಕಡಿಮೆ, ಆದರೆ ಖರ್ಚೂ ಇಲ್ಲ ಎಂಬಂಥ ಸ್ಥಿತಿ. ಕಡಿಮೆ ಕೋಶವಿದ್ದವರಿಗೆ ಕಾಯಿಲೆ ಹೆಚ್ಚು ಬರಬೇಕಲ್ಲವೆ ಎಂಬ ಪ್ರಶ್ನೆಗೆ ನಮ್ಮ ಸಮೀಕ್ಷೆಗಳು ಇಲ್ಲ ಎನ್ನುತ್ತಿದ್ದವು. ಅದೇ ಸಂಸ್ಥೆಯ ಫಾಲ್ಗುಣಿ ಆನಂದ್ ಅಲ್ಲಾಡಿ ಅವರ ತಂಡ 2009ರಲ್ಲಿ ಇನ್ನೊಂದು ಬಗೆಯಲ್ಲಿ ಎಣಿಸಿಯೂ ವಯಸ್ಸಿನೊಂದಿಗೆ ಕೋಶ ಕುಸಿಯದಿರುವುದನ್ನೇ ಕಂಡಿತು.

ಮುಥಾಣೆಯವರ ತಂಡ 2003ರಲ್ಲಿ ಬೆಂಗಳೂರಿನ ಆಂಗ್ಲೋ ಇಂಡಿಯನ್ನರತ್ತ ತಿರುಗಿತು. ಯೂರೋಪಿನ ಮತ್ತು ಭಾರತದ ರಕ್ತ ಬೆರೆತ ಈ ಸಮುದಾಯದಲ್ಲಿ ಪಾರ್ಕಿನ್ಸನ್ ಅಪಾಯ ಉಳಿದ ಭಾರತೀಯರಿಗಿಂತಲೂ ಕಡಿಮೆ ಎಂಬುದು ಅವರಿಗೆ ಸಿಕ್ಕ ಉತ್ತರ. ಅಲ್ಲಾಡಿಯವರ ಪ್ರಯೋಗಾಲಯ ಇದನ್ನು ಇಲಿಗಳಲ್ಲಿ ಪರೀಕ್ಷಿಸಿತು. ಎಂಪಿಟಿಪಿ ಎಂಬ ವಿಷಕ್ಕೆ ಬೇಗ ಸೋಲುವ ಒಂದು ತಳಿ, ತಡೆದುಕೊಳ್ಳುವ ಇನ್ನೊಂದು ತಳಿ, ಎರಡನ್ನೂ ಕೂಡಿಸಿ ಹುಟ್ಟಿಸಿದ ಮಿಶ್ರ ಮರಿಗಳು. ಮಿಶ್ರ ಮರಿಗಳು ವಿಷವನ್ನು ಚೆನ್ನಾಗಿಯೇ ತಡೆದುಕೊಂಡವು. ಎಂಪಿಟಿಪಿಯ ಕಥೆ ಕ್ಯಾಲಿಫೋರ್ನಿಯದ್ದು: 1982ರಲ್ಲಿ ಕಳ್ಳದಾರಿಯಲ್ಲಿ ತಯಾರಾದ ಮಾದಕವಸ್ತುವನ್ನು ಚುಚ್ಚಿಕೊಂಡ ಹರೆಯದವರು ದಿನಗಳೊಳಗೆ ಮರದ ಬೊಂಬೆಯಂತಾದರು. ವಿಲಿಯಂ ಲ್ಯಾಂಗ್‌ಸ್ಟನ್ ಅವರ ಪತ್ತೆದಾರಿಕೆಯಿಂದ ಕೃತಕವಾಗಿ ಕಾಯಿಲೆ ಹುಟ್ಟಿಸುವ ದಾರಿ ವಿಜ್ಞಾನಕ್ಕೆ ಸಿಕ್ಕಿತು. ಈ ವಿಷ ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯವನ್ನು ಹೇಗೆ ಕೆಡಿಸುತ್ತದೆಂಬುದರ ಬಗ್ಗೆ ಬೆಂಗಳೂರಿನಲ್ಲಿ ದೀರ್ಘಕಾಲ ಕೆಲಸ ಮಾಡಿದವರು ವಿಜಯಲಕ್ಷ್ಮಿ ರವೀಂದ್ರನಾಥ್. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕರೂ ಅವರೇ.

ಎಣಿಕೆ

ಈ ಸೀಮೆಯಲ್ಲಿ ನರರೋಗಗಳ ಮನೆಮನೆ ಎಣಿಕೆಗೆ ನಾಲ್ಕು ದಶಕದ ಚರಿತ್ರೆಯಿದೆ. ಸಾಸಲಿನ ನೆರೆಯ ಗೌರಿಬಿದನೂರಿನಲ್ಲಿ ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು 57 ಸಾವಿರಕ್ಕೂ ಹೆಚ್ಚು ಜನರನ್ನು ನೋಡಿ 1987ರಲ್ಲಿ ವರದಿ ಪ್ರಕಟಿಸಿದರು. ಆಮೇಲೆ ಬೆಂಗಳೂರು ನಗರ ಮತ್ತು ಗ್ರಾಮಾಂತರ ಸೇರಿಸಿ 1,02,557 ಜನರ ಸಮೀಕ್ಷೆ ನಡೆದು 2004ರಲ್ಲಿ ಬೆಳಕಿಗೆ ಬಂತು. ಪಾರ್ಕಿನ್ಸನ್ ಲಕ್ಷಕ್ಕೆ 33. ವಯಸ್ಸಿನ ವ್ಯತ್ಯಾಸ ಸರಿದೂಗಿಸಿದರೆ 76. ಒಟ್ಟು ನರರೋಗಗಳ ಪ್ರಮಾಣ ಹಳ್ಳಿಗಳಲ್ಲಿ ಪಟ್ಟಣದ ಸುಮಾರು ಎರಡರಷ್ಟಿತ್ತು. ಮುಂಬಯಿಯ ಪಾರ್ಸಿ ಕಾಲೊನಿಗಳಲ್ಲಿ 1988ರಲ್ಲಿ ಪ್ರಕಟವಾದ ಎಣಿಕೆ ಲಕ್ಷಕ್ಕೆ 328. ಪಾರ್ಸಿಗಳಲ್ಲಿ ಮುದುಕರು ಹೆಚ್ಚು ಎಂಬುದನ್ನು ಬಿಟ್ಟರೂ ಅಂತರ ದೊಡ್ಡದು.

ಲಕ್ಷಕ್ಕೆ 33 ಎಂದರೆ 30 ಸಾವಿರ ಜನರಿರುವ ಒಂದು ಹೋಬಳಿಯಲ್ಲಿ ಸುಮಾರು 10 ಮಂದಿ. ಕಪ್ಪು ಕೋಶಗಳು ಸವೆಯುವುದಿಲ್ಲವೆಂಬುದು ಈ ಕಡಿಮೆ ಸಂಖ್ಯೆಗೆ ಒಂದು ವಿವರಣೆ. ‘ವಯಸ್ಸಾಯ್ತು’ ಎಂಬ ಒಂದೇ ಮಾತು ಇನ್ನೊಂದು ವಿವರಣೆ, ನನ್ನ ಮಟ್ಟಿಗೆ ಅದೂ ಕಡಿಮೆ ತೂಕದ್ದಲ್ಲ. ಬಾಗಿಲಿಗೆ ಬಂದ ಸಮೀಕ್ಷೆಯವರು ‘ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯೇ’ ಎಂದು ಕೇಳಿದರೆ, ಜಗಲಿಯ ಮೂಲೆಯಲ್ಲಿ ಅಲುಗಾಡದೆ ಕೂತ ತಾತನನ್ನು ಕಾಯಿಲೆಯವರೆಂದು ಯಾರೂ ಲೆಕ್ಕಕ್ಕೆ ಸೇರಿಸುವುದಿಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಮೆದುಳು ಸಂಶೋಧನಾ ಕೇಂದ್ರ 2018ರಿಂದ ನಡೆಸುತ್ತಿರುವ ಅಧ್ಯಯನದ ದಾರಿ ಬೇರೆ. ಅಲ್ಲಿ 45 ವರ್ಷ ದಾಟಿದ ಹಳ್ಳಿಯವರನ್ನು, 10 ಸಾವಿರದ ಗುರಿಯಿಟ್ಟುಕೊಂಡು, ಮತ್ತೆ ಮತ್ತೆ ಪರೀಕ್ಷಿಸುತ್ತ ಹೋಗುತ್ತಾರೆ. ಮುಖ್ಯ ಗಮನ ಮರೆವಿನ ಕಾಯಿಲೆಯ ಮೇಲಿದ್ದರೂ ವಯಸ್ಸಾಗುತ್ತಿರುವ ನಮ್ಮ ರೈತರ ಮೆದುಳನ್ನು ಇಷ್ಟು ಹತ್ತಿರದಿಂದ ನೋಡಿದವರು ಕಡಿಮೆ.

ಕೃಷಿಯ ವಿಷಗಳ ಮಾತೂ ಇಲ್ಲಿ ಬರಬೇಕು. ಕಳೆನಾಶಕ ಪ್ಯಾರಾಕ್ವಾಟ್ ಮತ್ತು ಕೀಟನಾಶಕ ರೊಟೆನೋನ್ ಬಳಸಿದವರಲ್ಲಿ ಪಾರ್ಕಿನ್ಸನ್ ಅಪಾಯ ಸುಮಾರು ಎರಡೂವರೆ ಪಟ್ಟು ಹೆಚ್ಚೆಂದು ಅಮೆರಿಕದ ಕೃಷಿಕರ ಮೇಲಿನ 2011ರ ಅಧ್ಯಯನ ತೋರಿಸಿತು. ಪ್ಯಾರಾಕ್ವಾಟ್‌ನ ರಚನೆ ಎಂಪಿಟಿಪಿಯಿಂದ ದೇಹದಲ್ಲಿ ಹುಟ್ಟುವ ವಿಷವನ್ನೇ ಹೋಲುತ್ತದೆ. ಹಲವು ದೇಶಗಳು ಅದನ್ನು ನಿಷೇಧಿಸಿವೆ. ನಮ್ಮಲ್ಲಿ ಬೆನ್ನಿಗೆ ಡ್ರಮ್ಮು ಕಟ್ಟಿಕೊಂಡು ಬರಿಗೈಯಲ್ಲಿ ಸಿಂಪಡಿಸುವುದು ನಡೆದೇ ಇದೆ.

ಎರಡು ಗಿಡ, ಒಂದು ಮಾತ್ರೆ

ಕಾಯಿಲೆಯ ಗುಟ್ಟು ಬಿಡಿಸಿದ ಎರಡು ಗಿಡಗಳೂ ನಮ್ಮ ಕಾಡಂಚಿನವೇ. ಮೊದಲನೆಯದು ಸರ್ಪಗಂಧ. ಅದರ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ರಕ್ತದೊತ್ತಡಕ್ಕೆ ಮದ್ದಾಯಿತು. ಆದರೆ ಹೆಚ್ಚು ಕೊಟ್ಟರೆ ರೋಗಿ ಮರಗಟ್ಟುತ್ತಿದ್ದ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ರೆಸರ್ಪಿನ್ ಕೊಟ್ಟು ಕಿವಿ ಜೋತುಬೀಳುವಂತೆ ಮಾಡಿ, ಮೇಲೆ ಮೆದುಳಿನಲ್ಲಿ ಡೊಪಮಿನ್ ಆಗಿ ಬದಲಾಗುವ ಡೋಪ ಚುಚ್ಚಿದರು. ಮೊಲಗಳು ಎದ್ದು ಕಿವಿ ನಿಮಿರಿಸಿದವು. ಡೊಪಮಿನ್‌ಗೆ ಮೆದುಳಿನಲ್ಲಿ ಅದರದೇ ಕೆಲಸವಿದೆಯೆಂದು ಗೊತ್ತಾದದ್ದು ಹೀಗೆ. ಅದಕ್ಕೆ 2000ದಲ್ಲಿ ನೊಬೆಲ್ ಬಂತು. ವಿಯೆನ್ನಾದ ಹಾರ್ನಿಕೀವಿಚ್ 1960ರಲ್ಲಿ ಪಾರ್ಕಿನ್ಸನ್ ಮೆದುಳುಗಳಲ್ಲಿ ಡೊಪಮಿನ್ ಬತ್ತಿರುವುದನ್ನು ತೋರಿಸಿದರು. ಜಾರ್ಜ್ ಕೊಟ್ಸಿಯಾಸ್ 1967ರಲ್ಲಿ ಡೋಪವನ್ನು ಬಾಯಿಂದಲೇ ಹೆಚ್ಚು ಪ್ರಮಾಣದಲ್ಲಿ ಕೊಟ್ಟು, ಹಾಸಿಗೆ ಹಿಡಿದವರನ್ನು ನಡೆಸಿದರು.

ಎರಡನೆಯದು ನಸುಗುನ್ನಿ. ಬೇಲಿಯ ಮೇಲೆ ಹಬ್ಬುವ ಈ ಬಳ್ಳಿಯ ಕಾಯಿಯ ಕೂದಲು ಮೈಗೆ ತಗುಲಿದರೆ ತುರಿಸಿ ತುರಿಸಿ ಸಾಕಾಗುತ್ತದೆ. ಶಾಲೆಯಲ್ಲಿ ಜಗಳವಾದವರ ಅಂಗಿಗೆ ಇದನ್ನು ಸವರಿದ ಹುಡುಗರು ಊರಿಗೆ ಇಬ್ಬರಾದರೂ ಇರುತ್ತಾರೆ. ಇದರ ಬೀಜದಲ್ಲಿ ಡೋಪದ ಮದ್ದಿನ ರೂಪವಾದ ಲೆವೊಡೋಪ ಇದೆಯೆಂದು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ತೋರಿಸಿದ್ದರು, ಅದು ಯಾತಕ್ಕೆ ಮದ್ದೆಂದು ಆಧುನಿಕ ವೈದ್ಯಕ್ಕೆ ಹೊಳೆಯುವ ಮೂರು ದಶಕ ಮೊದಲು. ಬಾಲ ಮಾನ್ಯಂ ಮುಂತಾದವರು 1995ರಲ್ಲಿ ಈ ಬೀಜದ ಪುಡಿಯನ್ನು 60 ರೋಗಿಗಳಿಗೆ 12 ವಾರ ಕೊಟ್ಟು ಗುಣ ಕಂಡರು. 2004ರ ಲಂಡನ್ ಮತ್ತು 2017ರ ಬೊಲಿವಿಯಾ ಪ್ರಯೋಗಗಳೂ ಪುಡಿ ಮಾತ್ರೆಯಷ್ಟೇ ಕೆಲಸ ಮಾಡೀತೆಂದವು. ಹಾಗೆಂದು ಬೇಲಿಯಿಂದ ಕಿತ್ತು ಕುಟ್ಟಿಕೊಳ್ಳುವುದು ಜಾಣತನವಲ್ಲ. ಒಂದೊಂದು ಬೀಜದಲ್ಲಿ ಒಂದೊಂದು ಪ್ರಮಾಣವಿರುತ್ತದೆ, ಮಾತ್ರೆಯ ಜೊತೆಗೆ ಗುಟ್ಟಾಗಿ ತಿಂದರೆ ವೈದ್ಯರ ಲೆಕ್ಕವೆಲ್ಲ ತಪ್ಪುತ್ತದೆ.

ಇವತ್ತಿಗೂ ಲೆವೊಡೋಪವನ್ನು ಮೀರಿಸುವ ಮಾತ್ರೆ ಬಂದಿಲ್ಲ. ದಾರಿಯಲ್ಲೇ ಡೊಪಮಿನ್ ಆಗಿಬಿಟ್ಟು ವಾಂತಿ ತರಿಸದಂತೆ ಕಾರ್ಬಿಡೋಪ ಬೆರೆಸಿ ಕೊಡುತ್ತಾರೆ. ನಮ್ಮ ಕಡೆ ರೋಗಿಗಳ ಬಾಯಲ್ಲಿ ಅದು ‘ಸಿಂಡೋಪ’. ಹೊಟ್ಟೆ ತುಂಬ ಕಾಳಿನ ಸಾರು, ಮೊಟ್ಟೆ, ಮಾಂಸ ಉಂಡ ಮೇಲೆ ನುಂಗಿದರೆ ಪ್ರೋಟೀನು ಅದರ ದಾರಿಗೆ ಅಡ್ಡ ನಿಲ್ಲುತ್ತದೆ. ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ನುಂಗುವುದು ಲೇಸು. ಐದಾರು ವರ್ಷ ಕಳೆದ ಮೇಲೆ ಮಾತ್ರೆಯ ಬಲ ಬೇಗ ಇಳಿಯತೊಡಗುತ್ತದೆ, ಏರಿದಾಗ ಕುಣಿದಂತೆ ಮೈ ಹೊಯ್ದಾಡುತ್ತದೆ. ನಡುಕಕ್ಕೆ ಹಳಬರು ಕೊಡುತ್ತಿದ್ದ ಟ್ರೈಹೆಕ್ಸಿಫೆನಿಡಿಲ್ ವಯಸ್ಸಾದವರಿಗೆ ಮರೆವು, ಭ್ರಮೆ ತರಬಲ್ಲದು.

ಕತ್ತಿ ಮತ್ತು ತಂತಿ

ಮಾತ್ರೆ ಬರುವ ಮೊದಲು, ಬಂದ ಮೇಲೂ, ಶಸ್ತ್ರಚಿಕಿತ್ಸೆ ಇತ್ತು. ನಿಮ್ಹಾನ್ಸ್‌ನ ಸ್ಥಾಪಕ ನಿರ್ದೇಶಕ, ನರಶಸ್ತ್ರಚಿಕಿತ್ಸಕ ಆರ್. ಮಾರ್ತಾಂಡ ವರ್ಮ ಬುರುಡೆಗೆ ಮೇಲಿನಿಂದ ತೂತು ಕೊರೆಯುವ ಬದಲು ಕೆನ್ನೆಯ ಕಡೆಯಿಂದ ಸೂಜಿ ತೂರಿಸಿ, ಬುರುಡೆಯ ತಳದಲ್ಲಿ ಸಹಜವಾಗಿಯೇ ಇರುವ ಕಿಂಡಿಯ ಮೂಲಕ ನಡುಕದ ಕೇಂದ್ರವನ್ನು ಮುಟ್ಟುವ ದಾರಿ ಹುಡುಕಿದ್ದರು. ಲೆವೊಡೋಪ ಬಂದ ಮೇಲೆ ಈ ಬಗೆಯ ಕೆಲಸ ಹಿಂದೆ ಸರಿಯಿತು. ಫ್ರಾನ್ಸಿನ ಬೆನಬಿದ್ 1987ರಲ್ಲಿ ಮೆದುಳನ್ನು ಸುಡದೆ ತಂತಿಯಿಟ್ಟು ವಿದ್ಯುತ್ ಹರಿಸಿದ್ದರಿಂದ ಶಸ್ತ್ರಚಿಕಿತ್ಸೆ ಮರಳಿತು. ಎದೆಯ ಚರ್ಮದಡಿ ಬ್ಯಾಟರಿ, ಕತ್ತಿನ ಒಳಗಿಂದ ತಂತಿ, ತುದಿ ಮೆದುಳಿನ ಆಳದಲ್ಲಿ. ಬೆಂಗಳೂರಿನಲ್ಲಿ ಇದು ಸಿಗುತ್ತದೆ. ಯಂತ್ರದ ಬೆಲೆಯೇ ಹಲವು ಲಕ್ಷ.

ರೋಗಿ ಎಚ್ಚರವಾಗಿದ್ದಾಗಲೇ ಮಾಡುವ ಇಂಥ ಕೆಲಸಗಳಲ್ಲಿ 2017ರಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಅದು ಪಾರ್ಕಿನ್ಸನ್ ಅಲ್ಲ, ಗಿಟಾರ್ ನುಡಿಸುವಾಗ ಮಾತ್ರ ಬೆರಳು ಮಡಚಿಕೊಳ್ಳುವ ಡಿಸ್ಟೋನಿಯ. ವಾದಕ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಗಿಟಾರ್ ಹಿಡಿದು ನುಡಿಸುತ್ತಿದ್ದ, ವೈದ್ಯರು ಮೆದುಳಿನ ಚಿಕ್ಕ ಚಿಕ್ಕ ಬಿಂದುಗಳನ್ನು ಸುಡುತ್ತ ಹೋದರು. ಬೆರಳು ಬಿಡಿಸಿಕೊಂಡದ್ದು ಅಲ್ಲೇ, ಅವನ ಕಣ್ಣೆದುರೇ.

ಚಲನದೋಷಗಳಲ್ಲಿ ತಪ್ಪಿಹೋಗಲೇಬಾರದ ಇನ್ನೊಂದು ವಿಲ್ಸನ್ ಕಾಯಿಲೆ. ತಾಮ್ರ ಹೊರಹೋಗದೆ ಪಿತ್ತಜನಕಾಂಗ ಮತ್ತು ಮೆದುಳಿನಲ್ಲಿ ಶೇಖರವಾಗುವ ಈ ಕಾಯಿಲೆ ಬರುವುದು ಹೆಚ್ಚಾಗಿ ಶಾಲೆಯ ವಯಸ್ಸಿನಲ್ಲಿ. ಅಕ್ಷರ ಕೆಡುತ್ತದೆ, ಜೊಲ್ಲು ಸುರಿಯುತ್ತದೆ, ಮಾತು ತೊದಲುತ್ತದೆ, ಕೈಕಾಲು ತಿರುಚುತ್ತವೆ. ತಂದೆ ತಾಯಿ ಇಬ್ಬರಿಂದಲೂ ದೋಷಪೂರಿತ ವಂಶವಾಹಿ ಬಂದರೆ ಮಾತ್ರ ಕಾಯಿಲೆಯಾಗುವುದರಿಂದ, ಅಕ್ಕನ ಮಗಳನ್ನು, ಮಾವನ ಮಗನನ್ನು ತಂದುಕೊಳ್ಳುವ ನಮ್ಮ ಮನೆಗಳಲ್ಲಿ ಅದಕ್ಕೆ ಅವಕಾಶ ಹೆಚ್ಚು. ಗಾಳಿ ಸೋಕಿದೆಯೆಂದು ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು ಉಂಗುರ ಮೂಡಿರುತ್ತದೆ. ಪೆನಿಸಿಲಮಿನ್ ಮತ್ತು ಸತುವಿನ ಔಷಧ ಬೇಗ ಶುರುವಾದರೆ ಮಗು ಮತ್ತೆ ಶಾಲೆಗೆ ಹೋಗುತ್ತದೆ. ನಿಮ್ಹಾನ್ಸ್‌ನ ಎ. ಬಿ. ಟಾಲಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ, ಮೂರು ದಶಕದಲ್ಲಿ ನೋಡಿದ 282 ರೋಗಿಗಳ ವಿವರ ಜಗತ್ತಿನ ದೊಡ್ಡ ದಾಖಲೆಗಳಲ್ಲೊಂದು.

ಈಚಿನದು

ಬೆನ್ನುಹುರಿಯ ನೀರಿನಲ್ಲಿ ಕೆಟ್ಟ ಸಿನ್ಯೂಕ್ಲೀನ್ ಗುರುತಿಸುವ ಪರೀಕ್ಷೆ 2023ರಲ್ಲಿ ದೊಡ್ಡ ಅಧ್ಯಯನವೊಂದರಲ್ಲಿ ಗೆದ್ದಿತು. ಚರ್ಮದಡಿಯಿಂದ ಹಗಲಿರುಳು ಲೆವೊಡೋಪ ಹರಿಸುವ ಪಂಪಿಗೆ ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಮಧುಮೇಹದ ಔಷಧ ಎಕ್ಸೆನಟೈಡ್ ಕಾಯಿಲೆ ತಡೆದೀತೆಂಬ ಆಸೆ 2025ರ ಆರಂಭದಲ್ಲಿ ಸುಳ್ಳಾಯಿತು. ಅದೇ ವರ್ಷ ಅಮೆರಿಕ ಮತ್ತು ಜಪಾನಿನ ಎರಡು ತಂಡಗಳು ಕಾಂಡಕೋಶದಿಂದ ಬೆಳೆಸಿದ ನರಕೋಶಗಳನ್ನು ಬೆರಳೆಣಿಕೆಯ ರೋಗಿಗಳ ಮೆದುಳಿಗೆ ಸೇರಿಸಿ, ಅಪಾಯವಿಲ್ಲವೆಂದು ವರದಿ ಮಾಡಿದವು. ಅದರಿಂದ ಗುಣವೆಷ್ಟೆಂಬುದಕ್ಕೆ ದೊಡ್ಡ ಪ್ರಯೋಗಗಳೇ ಆಗಬೇಕು. ಕಾಂಡಕೋಶ ಚುಚ್ಚಿ ಗುಣಪಡಿಸುತ್ತೇವೆಂದು ಈಗಲೇ ದುಡ್ಡು ಕೇಳುವವರನ್ನು ನಂಬಬಾರದು.

ಸಾಸಲಿನಿಂದ ನಿಮ್ಹಾನ್ಸ್ 60 ಕಿಲೋಮೀಟರಿಗೂ ದೂರ. ಮುಂಜಾನೆ ಮೊದಲ ಬಸ್ಸಿಗೆ ಹತ್ತಿ, ದೊಡ್ಡಬಳ್ಳಾಪುರದಲ್ಲಿ ಇಳಿದು ಬಸ್ಸು ಬದಲಿಸಿ, ಬೆಂಗಳೂರಿನಲ್ಲಿ ಮತ್ತೊಂದು ಹತ್ತಬೇಕು. ಬಿಗಿದ ಕಾಲಿನವರಿಗೆ ಬಸ್ಸಿನ ಮೆಟ್ಟಿಲೇ ಮೊದಲ ಪರೀಕ್ಷೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಯೋಜನೆಯಲ್ಲಿ ಪಕ್ಕದ ಚಿಕ್ಕಬಳ್ಳಾಪುರವೂ ಮೊದಲ ಜಿಲ್ಲೆಗಳಲ್ಲೊಂದಾಗಿತ್ತು. ಅದರ ಗುರಿ ಪಾರ್ಶ್ವವಾಯು, ಮೂರ್ಛೆ, ಮರೆವು, ತಲೆನೋವು. ಆದರೂ ಜಿಲ್ಲಾಸ್ಪತ್ರೆಯ ವೈದ್ಯರಿಗೆ ನರರೋಗ ಗುರುತಿಸುವ ತರಬೇತಿ ಸಿಕ್ಕರೆ ನಡುಕದವರಿಗೂ ಅನುಕೂಲವೇ.

ಮಾತ್ರೆಗೂ ತಂತಿಗೂ ಅಷ್ಟಾಗಿ ಬಗ್ಗದ ಒಂದು ಲಕ್ಷಣವಿದೆ: ಕಾಲು ಕಟ್ಟಿಕೊಳ್ಳುವುದು. ನಡೆಯುತ್ತ ಬಂದವರು ಬಾಗಿಲ ಬಳಿ, ಹೊಸ್ತಿಲ ಮುಂದೆ, ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾರೆ. ಹಿಂದಿನಿಂದ ತಳ್ಳಿದರೆ ಮುಗ್ಗರಿಸುತ್ತಾರೆ. ಆದರೆ ಮುಂದೆ ನೆಲದ ಮೇಲೆ ಅಡ್ಡಕ್ಕೆ ಗೆರೆಗಳಿದ್ದರೆ ಅವನ್ನು ಒಂದೊಂದಾಗಿ ದಾಟಿ ಸಲೀಸಾಗಿ ನಡೆಯುತ್ತಾರೆ. ಮೆಟ್ಟಿಲು ಹತ್ತುವುದು ಸಮನೆಲಕ್ಕಿಂತ ಸುಲಭವಾಗುವುದೂ ಇದರಿಂದಲೇ. ಲಂಡನ್ನಿನ ಪರ್ಡನ್ ಮಾರ್ಟಿನ್ 1967ರಲ್ಲಿ ಇದನ್ನು ವಿವರವಾಗಿ ಬರೆದರು. ಕೆಟ್ಟಿರುವ ಒಳದಾರಿಯನ್ನು ಬಿಟ್ಟು, ಕಣ್ಣಿನಿಂದ ಬರುವ ಬೇರೊಂದು ದಾರಿಯಲ್ಲಿ ಮೆದುಳು ಹೆಜ್ಜೆಯನ್ನು ನಡೆಸುತ್ತದೆ. ಇದಕ್ಕೆ ಸೀಮೆಸುಣ್ಣ ಸಾಕು, ಬಣ್ಣದ ಟೇಪೂ ಆಗುತ್ತದೆ: ಹೊಸ್ತಿಲಿನ ಈಚೆ ನಾಲ್ಕು, ಆಚೆ ನಾಲ್ಕು, ಒಂದೊಂದು ಹೆಜ್ಜೆಯಷ್ಟು ಅಂತರದಲ್ಲಿ.